ಓದುಗರ ಪ್ರಶ್ನೆ: ಭಾಗಿಸಿದಾಗ ಕಳೆದುಹೋಗುವ ಉತ್ತರಗಳು

ಪ್ರಶ್ನೆ: ಸೈನ್ 2ಎಕ್ಸ್ = ಸೈನ್ ಎಕ್ಸ್. 0ಯಿಂದ 360 ಡಿಗ್ರಿಯೊಳಗೆ ನನಗೆ 60 ಮತ್ತು 300 ಎಂದು ಎರಡೇ ಉತ್ತರ ಬರುತ್ತವೆ. ಗೈಡ್‌ನಲ್ಲಿ ನಾಲ್ಕಿವೆ. ಎಲ್ಲಿ ತಪ್ಪಿದೆ? (ವಿದ್ಯಾರ್ಥಿನಿ, ಶಿರಸಿ)

ಎಡಗಡೆಯನ್ನು 2 ಸೈನ್ ಎಕ್ಸ್ ಕಾಸ್ ಎಕ್ಸ್ ಎಂದು ಬಿಡಿಸಿ, ಎರಡೂ ಕಡೆ ಸೈನ್ ಎಕ್ಸ್‌ನಿಂದ ಹೊಡೆದುಹಾಕಿದ್ದೀರಿ. ಸೈನ್ ಎಕ್ಸ್ ಸೊನ್ನೆಯೂ ಆಗಬಹುದು; ಸೊನ್ನೆಯಿಂದ ಭಾಗಿಸುವಂತಿಲ್ಲ. ಹೊಡೆದುಹಾಕಿದ ಕ್ಷಣದಲ್ಲೇ ಸೈನ್ ಎಕ್ಸ್ = 0 ಕೊಡುವ 0 ಮತ್ತು 180 ಕೈಬಿಟ್ಟುಹೋದವು.

ಎಲ್ಲವನ್ನೂ ಒಂದೇ ಕಡೆಗೆ ತನ್ನಿ: ಸೈನ್ ಎಕ್ಸ್ (2 ಕಾಸ್ ಎಕ್ಸ್ − 1) = 0. ಮೊದಲ ಅಪವರ್ತನದಿಂದ 0 ಮತ್ತು 180, ಎರಡನೆಯದರಿಂದ ಕಾಸ್ ಎಕ್ಸ್ = 1/2, ಅಂದರೆ 60 ಮತ್ತು 300. (360 ಸೇರಿದೆಯೇ ಇಲ್ಲವೇ ಎಂಬುದನ್ನು ಪ್ರಶ್ನೆಯಲ್ಲೇ ನೋಡಿಕೊಳ್ಳಿ. ಸೇರಿದ್ದರೆ ಉತ್ತರ ಐದು.)

ಇದರ ತಿರುಗುಮುರುಗು ತಪ್ಪು ಇನ್ನೊಂದಿದೆ, ಹೆಚ್ಚಿನವರು ಅದಕ್ಕೂ ಸಿಕ್ಕಿಬೀಳುತ್ತಾರೆ. ಸೈನ್ ಎಕ್ಸ್ + ಕಾಸ್ ಎಕ್ಸ್ = 1 ಎಂಬುದನ್ನು ವರ್ಗ ಮಾಡಿದರೆ 1 + ಸೈನ್ 2ಎಕ್ಸ್ = 1 ಆಗಿ, 0, 90, 180, 270 ಎಂಬ ನಾಲ್ಕು ಉತ್ತರ ಬರುತ್ತವೆ. ಮೂಲ ಸಮೀಕರಣಕ್ಕೆ ಹಾಕಿ ನೋಡಿ: 180ಕ್ಕೂ 270ಕ್ಕೂ ಮೊತ್ತ −1. ವರ್ಗ ಮಾಡಿದಾಗ +1 ಮತ್ತು −1ರ ಭೇದ ಅಳಿಸಿಹೋಗುತ್ತದೆ, ಹಾಗಾಗಿ ಈ ಎರಡು ನುಸುಳಿದವು. ವರ್ಗ ಮಾಡಿದ ಮೇಲೆ ತಾಳೆ ನೋಡುವುದು ಕಡ್ಡಾಯ. ಅದು ಬೇಡವೆಂದರೆ ಎರಡೂ ಕಡೆ √2ರಿಂದ ಭಾಗಿಸಿ ಸೈನ್ (ಎಕ್ಸ್ + 45) = 1/√2 ಎಂದು ಬರೆಯಿರಿ. ಎಕ್ಸ್ + 45 = 45 ಅಥವಾ 135, ಎಕ್ಸ್ = 0 ಅಥವಾ 90, ಅಷ್ಟೇ. ಇಲ್ಲಿ ಭಾಗಿಸಿದ್ದರಿಂದ ತೊಂದರೆಯಿಲ್ಲ, √2 ಯಾವತ್ತೂ ಸೊನ್ನೆಯಾಗದು.

ಪ್ರಶ್ನೆ: ಬೇಯ್ಸ್ ಪ್ರಮೇಯದ ಸೂತ್ರ ಬಾಯಿಪಾಠವಿದೆ. ಲೆಕ್ಕ ಎದುರಿಗೆ ಬಂದಾಗ ಯಾವ ಅಂಕಿ ಎಲ್ಲಿ ಹಾಕಬೇಕೆಂದು ತಿಳಿಯುವುದಿಲ್ಲ. (ದ್ವಿತೀಯ ಪಿಯು, ಹಾಸನ)

ಫಲಿತಾಂಶ ಗೊತ್ತಾದ ಮೇಲೆ ಅದರ ಹಿಂದಿನ ಕಾರಣದ ಸಂಭವನೀಯತೆ ಹುಡುಕುವುದು ಬೇಯ್ಸ್ ಪ್ರಮೇಯದ ಕೆಲಸ. ಸೂತ್ರವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ತಲೆ ಎಣಿಸಿ. ಒಂದು ಕಾಯಿಲೆ 100ರಲ್ಲಿ ಒಬ್ಬರಿಗಿದೆ. ಕಾಯಿಲೆ ಇದ್ದವರಲ್ಲಿ ಶೇ 95 ಮಂದಿಗೆ ಪರೀಕ್ಷೆ ಪಾಸಿಟಿವ್ ತೋರಿಸುತ್ತದೆ, ಇಲ್ಲದವರಲ್ಲೂ ಶೇ 4 ಮಂದಿಗೆ ಪಾಸಿಟಿವ್ ತೋರಿಸುತ್ತದೆ. ಒಬ್ಬರಿಗೆ ಪಾಸಿಟಿವ್ ಬಂದಿದೆ. ನಿಜಕ್ಕೂ ಕಾಯಿಲೆ ಇರುವ ಸಂಭವನೀಯತೆ ಎಷ್ಟು?

10,000 ಜನರನ್ನು ತೆಗೆದುಕೊಳ್ಳಿ. ಕಾಯಿಲೆ ಇದ್ದವರು 100, ಅವರಲ್ಲಿ ಪಾಸಿಟಿವ್ 95. ಇಲ್ಲದವರು 9,900, ಅವರಲ್ಲಿ ಪಾಸಿಟಿವ್ 396. ಒಟ್ಟು ಪಾಸಿಟಿವ್ 491. ಉತ್ತರ 95/491, ಸುಮಾರು 0.19. ಆರೋಗ್ಯವಂತರ ಗುಂಪು ಅಷ್ಟು ದೊಡ್ಡದಾದ್ದರಿಂದ ಅದರ ಶೇ 4 ಕೂಡ 95ನ್ನು ಮುಳುಗಿಸಿಬಿಡುತ್ತದೆ. ಈಗ ಸೂತ್ರದಲ್ಲಿ ಬರೆದರೆ 0.01 × 0.95 ಮೇಲೆ, ಕೆಳಗೆ ಅದೇ ಸಂಖ್ಯೆಗೆ 0.99 × 0.04 ಕೂಡಿದ್ದು. ಅದೇ ಲೆಕ್ಕ, 10,000ದಿಂದ ಭಾಗಿಸಿ ಬರೆದದ್ದು ಮಾತ್ರ.

ಎರಡು ತಪ್ಪು ಉತ್ತರಗಳು ಪದೇ ಪದೇ ಬರುತ್ತವೆ. 0.95 ಬರೆದವರು ‘ಕಾಯಿಲೆ ಇದ್ದಾಗ ಪಾಸಿಟಿವ್’ ಎಂಬುದನ್ನು ‘ಪಾಸಿಟಿವ್ ಬಂದಾಗ ಕಾಯಿಲೆ’ ಎಂದು ಓದಿಕೊಂಡವರು. 0.0095 ಬರೆದವರು ಎರಡೂ ಒಟ್ಟಿಗೆ ಆಗುವ ಸಂಭವನೀಯತೆ ಹಿಡಿದು ಅಲ್ಲೇ ನಿಂತವರು. ಪ್ರಶ್ನೆಯಲ್ಲಿ ‘ಬಂದಿದೆ’, ‘ತೆಗೆದ ಚೆಂಡು ಕೆಂಪಾಗಿದೆ’ ಎಂದು ಆಗಿಹೋದ ಮಾತಿನಲ್ಲಿ ಹೇಳಿದ್ದಕ್ಕೆ ಗೆರೆ ಎಳೆಯಿರಿ. ಛೇದಕ್ಕೆ ಬರುವುದು ಆ ಘಟನೆಯ ಸಂಭವನೀಯತೆ. ಬೋರ್ಡ್ ಪರೀಕ್ಷೆಯಲ್ಲಿ ಘಟನೆಗಳಿಗೆ ಹೆಸರಿಟ್ಟು, ಒಂದೊಂದರ ಸಂಭವನೀಯತೆ ಬರೆದು, ಆಮೇಲೆ ಸೂತ್ರಕ್ಕೆ ಬನ್ನಿ. ಕೊನೆಯಲ್ಲಿ ಎಣಿಕೆ ತಪ್ಪಿದರೂ ಹಂತಗಳ ಅಂಕ ಉಳಿಯುತ್ತದೆ.

ಪ್ರಶ್ನೆ: ಸ್ವತಂತ್ರ ಘಟನೆ, ಒಟ್ಟಿಗೆ ಸಂಭವಿಸದ ಘಟನೆ ಎರಡೂ ಒಂದೇ ಅಲ್ಲವೇ? (ಓದುಗರು, ಕೊಪ್ಪಳ)

ಅಲ್ಲ, ಹೆಚ್ಚುಕಡಿಮೆ ವಿರುದ್ಧ. ಎ ಸಂಭವನೀಯತೆ 0.3, ಬಿ 0.4 ಇರಲಿ. ಒಟ್ಟಿಗೆ ಸಂಭವಿಸದಿದ್ದರೆ ‘ಎ ಅಥವಾ ಬಿ’ 0.7. ಸ್ವತಂತ್ರವಾಗಿದ್ದರೆ ಎರಡೂ ಆಗುವುದು 0.12, ಹಾಗಾಗಿ ‘ಎ ಅಥವಾ ಬಿ’ 0.58. ಒಟ್ಟಿಗೆ ಸಂಭವಿಸದ ಘಟನೆಗಳಲ್ಲಿ ಎ ಆಯಿತೆಂದರೆ ಬಿ ಆಗಲಿಲ್ಲ ಎಂದು ಗೊತ್ತಾಗಿಬಿಡುತ್ತದೆ. ಅದಕ್ಕಿಂತ ಹೆಚ್ಚಿನ ಅವಲಂಬನೆ ಬೇಕೆ?

ಪ್ರಶ್ನೆ: ವಿಲೋಮ ಸೈನ್ (ಸೈನ್ 150) ಅಂದರೆ 150 ಬರಬೇಕಲ್ಲ? 30 ಹೇಗೆ? (ವಿದ್ಯಾರ್ಥಿ, ಪುತ್ತೂರು)

ವಿಲೋಮ ಸೈನ್ −90ರಿಂದ 90ರೊಳಗಿನ ಕೋನವನ್ನಷ್ಟೇ ಕೊಡುತ್ತದೆ. 150 ಹೊರಗಿದೆ, ಅದೇ ಸೈನ್ ಬೆಲೆಯ ಒಳಗಿನ ಕೋನ 30. ಆದರೆ ಎಲ್ಲ ಕಡೆ 180ರೊಡನೆ ಕಳೆಯುವ ಅಭ್ಯಾಸ ಬೇಡ. ವಿಲೋಮ ಕಾಸ್‌ನ ವ್ಯಾಪ್ತಿ 0ಯಿಂದ 180. ವಿಲೋಮ ಕಾಸ್ (ಕಾಸ್ 210)ಗೆ 30 ಬರೆದರೆ ತಪ್ಪು: ಕಾಸ್ 210 ಋಣ, ಕಾಸ್ 30 ಧನ. 360 − 210, ಅಂದರೆ 150 ಸರಿ.

ಪ್ರಶ್ನೆ: ಕ್ಯಾಲ್ಕುಲೇಟರ್ ಇಲ್ಲದೆ ಸೈನ್ 20ರಂಥ ಬೆಲೆ ಅಂದಾಜು ಮಾಡಬಹುದೇ? (ನಿವೃತ್ತ ಶಿಕ್ಷಕರು, ಗದಗ)

7ನೇ ಶತಮಾನದ ಒಂದನೇ ಭಾಸ್ಕರನ ಸೂತ್ರವಿದೆ, ಸರ್. ಕೋನವನ್ನು (180 − ಕೋನ)ದಿಂದ ಗುಣಿಸಿ. 20ಕ್ಕೆ ಅದು 3,200. ಆ ಗುಣಲಬ್ಧದ ನಾಲ್ಕು ಪಟ್ಟನ್ನು, 40,500ರಲ್ಲಿ ಅದೇ ಗುಣಲಬ್ಧ ಕಳೆದರೆ ಉಳಿಯುವ ಸಂಖ್ಯೆಯಿಂದ ಭಾಗಿಸಿ: 12,800 / 37,300 = 0.3432. ನಿಜ ಬೆಲೆ 0.3420. 30ಕ್ಕೂ 90ಕ್ಕೂ ಉತ್ತರ ಕರಾರುವಾಕ್ಕಾಗಿ 0.5 ಮತ್ತು 1. ಸೂತ್ರ 0ಯಿಂದ 180 ಡಿಗ್ರಿಗೆ ಮಾತ್ರ ಅನ್ವಯ.

ಪ್ರಶ್ನೆ: ಮಗಳು ಅಧ್ಯಾಯದ ಅಭ್ಯಾಸ ಲೆಕ್ಕಗಳನ್ನೆಲ್ಲ ಮಾಡುತ್ತಾಳೆ, ಟೆಸ್ಟ್‌ನಲ್ಲಿ ತಡಬಡಾಯಿಸುತ್ತಾಳೆ. (ತಾಯಿ, ಮೈಸೂರು)

ಬೇಯ್ಸ್ ಅಭ್ಯಾಸದಲ್ಲಿ ಕೂತವರಿಗೆ ಅದು ಬೇಯ್ಸ್ ಲೆಕ್ಕ ಎಂದು ಮೊದಲೇ ಗೊತ್ತಿರುತ್ತದೆ. ಟೆಸ್ಟ್‌ನಲ್ಲಿ ಯಾರೂ ಹೇಳುವುದಿಲ್ಲ. ಮುಗಿಸಿದ ನಾಲ್ಕೈದು ಅಧ್ಯಾಯಗಳಿಂದ ಹನ್ನೆರಡು ಲೆಕ್ಕಗಳನ್ನು ಚೀಟಿಗಳಲ್ಲಿ ಬರೆದು ಕಲಸಿ. ಬಿಡಿಸುವುದು ಬೇಡ, ಪ್ರತಿಯೊಂದಕ್ಕೂ ಮೊದಲ ಸಾಲು ಮಾತ್ರ ಬರೆಯಲಿ: ಯಾವ ಸೂತ್ರ, ಯಾಕೆ. ಆಮೇಲೆ ಎಡವಿದವುಗಳನ್ನಷ್ಟೇ ಪೂರ್ತಿ ಮಾಡಲಿ. ತಪ್ಪುಗಳ ಪುಸ್ತಕದಲ್ಲಿ ಇಡೀ ಲೆಕ್ಕ ನಕಲು ಮಾಡುವುದು ದಂಡ; ಜಾರಿದ ಒಂದು ಸಾಲು, ಕಾರಣ ಸಾಕು.

ಸಿಇಟಿ ಗಣಿತಕ್ಕೆ 60 ಪ್ರಶ್ನೆ, 80 ನಿಮಿಷ. ಮೊದಲ ಸುತ್ತಿನಲ್ಲಿ ಎರಡು ನಿಮಿಷ ದಾಟಿದ ಲೆಕ್ಕವನ್ನು ಬಿಟ್ಟು ಮುಂದೆ ಹೋಗುವುದನ್ನು ಮನೆಯಲ್ಲೇ ಗಡಿಯಾರ ಇಟ್ಟು ರೂಢಿಸಬೇಕು. ಅಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಆದ್ದರಿಂದ ಒಎಂಆರ್ ಹಾಳೆಯಲ್ಲಿ ಯಾವುದನ್ನೂ ಖಾಲಿ ಬಿಡಬಾರದು. ಜೆಇಇ ಮೇನ್‌ನಲ್ಲಿ ತಪ್ಪು ಆಯ್ಕೆಗೆ 1 ಅಂಕ ಹೋಗುತ್ತದೆ, ಅಲ್ಲಿ ಈ ಧಾರಾಳ ಬೇಡ.