ಬಾಯಿ ಸೊಟ್ಟಗಾಗಿ ನೆಟ್ಟಗಾದರೆ ಮುಗಿಯಿತೇ?

ಪ್ರಶ್ನೆ: ಅಮ್ಮನಿಗೆ 64 ವರ್ಷ. ಬಿಪಿ ಮಾತ್ರೆ ನೆನಪಾದಾಗ ಮಾತ್ರ ತಗೊಳ್ತಾರೆ. ಹೋದ ವಾರ ದೋಸೆ ಹೊಯ್ಯುತ್ತಿದ್ದಾಗ ಸಟ್ಟುಗ ಕೈಜಾರಿತು, ಬಾಯಿ ಒಂದು ಕಡೆ ವಾಲಿ ಮಾತು ತೊದಲಿತು. ಕಾಲು ಗಂಟೆಯಲ್ಲಿ ಸರಿಹೋಯ್ತು. ‘ಪಿತ್ತ ಕಣೇ, ಕಷಾಯ ಕುಡಿದರಾಯ್ತು’ ಅಂತಾರೆ. ಆಸ್ಪತ್ರೆಗೆ ಹೋಗಬೇಕಾ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಈ ಉತ್ತರ ಅಚ್ಚಾಗುವವರೆಗೂ ಕಾದಿದ್ದರೆ, ಇವತ್ತೇ ಹೊರಡಿ. ಇದು ಪಿತ್ತದ ಲಕ್ಷಣವಲ್ಲ. ಮೆದುಳಿನ ರಕ್ತನಾಳವನ್ನು ಸಣ್ಣ ಹೆಪ್ಪೊಂದು ತಡೆದು, ತಾನಾಗಿ ಕರಗಿಹೋದಾಗ ಹೀಗಾಗುತ್ತದೆ. ವೈದ್ಯರು ಇದನ್ನು ಟಿಐಎ ಅನ್ನುತ್ತಾರೆ. ಇದರ ಬೆನ್ನಿಗೇ ದೊಡ್ಡ ಲಕ್ವ ಹೊಡೆಯುವ ಭಯ ಮೊದಲ 48 ಗಂಟೆಗಳಲ್ಲಿ ಅತಿ ಹೆಚ್ಚು. ಮುಂದಿನ ಮೂರು ತಿಂಗಳೂ ಪೂರ್ತಿ ಹೋಗಿರುವುದಿಲ್ಲ.

ಮೆದುಳಿನ ಸ್ಕ್ಯಾನ್, ಕುತ್ತಿಗೆಯ ರಕ್ತನಾಳದ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್), ಸಕ್ಕರೆ, ಕೊಲೆಸ್ಟ್ರಾಲ್ ಜೊತೆಗೆ ಇಸಿಜಿ ಮಾಡುತ್ತಾರೆ. ‘ತಲೆಯ ತೊಂದರೆಗೆ ಎದೆಯ ಪರೀಕ್ಷೆ ಯಾಕೆ’ ಎಂದು ಬಹಳ ಮಂದಿ ಗೊಣಗುವುದುಂಟು. ಹೃದಯದ ಬಡಿತ ತಾಳ ತಪ್ಪಿದರೆ ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಕೊಡುವ ಮಾತ್ರೆಯೇ ಬೇರೆ.

ಮತ್ತೆ ಹಾಗಾದರೆ ನಗಲು ಹೇಳಿ, ಎರಡೂ ಕೈ ಚಾಚಿ ಎತ್ತಿ ಹಿಡಿಯಲು ಹೇಳಿ, ಒಂದು ವಾಕ್ಯ ಆಡಿಸಿ. ಒಂದರಲ್ಲಿ ಎಡವಿದರೂ 108ಕ್ಕೆ ಫೋನ್ ಮಾಡಿ. ಇದ್ದಕ್ಕಿದ್ದಂತೆ ಕಣ್ಣು ಕಾಣದಿದ್ದರೆ, ನಿಲ್ಲಲಾಗದಷ್ಟು ತಲೆ ತಿರುಗಿದರೆ, ಹಿಂದೆಂದೂ ಬಾರದಂಥ ತಲೆನೋವು ಬಂದರೆ ಆಗಲೂ ಅಷ್ಟೇ.

ಗಡಿಯಾರ ನೋಡಿ ಸಮಯ ಬರೆದಿಟ್ಟುಕೊಳ್ಳಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಬೆಳಿಗ್ಗೆ ಏಳುವಾಗಲೇ ಕೈ ಸೋತಿದ್ದರೆ, ಎದ್ದ ಹೊತ್ತಲ್ಲ, ರಾತ್ರಿ ಕೊನೆಯ ಸಲ ಸರಿಯಾಗಿದ್ದ ಹೊತ್ತಿನಿಂದ ಲೆಕ್ಕ. ದೊಡ್ಡ ನಾಳ ಕಟ್ಟಿಕೊಂಡಿದ್ದರೆ ಹೆಪ್ಪನ್ನು ಎಳೆದು ತೆಗೆಯುವ ಚಿಕಿತ್ಸೆ ಕೆಲವರಿಗೆ 24 ಗಂಟೆಯವರೆಗೂ ಆಗುತ್ತದೆ, ಆದರೆ ಅದು ಎಲ್ಲ ಊರಲ್ಲೂ ಸಿಗದು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ.; ಜಡಿಮಳೆಯಲ್ಲಿ ಒಂದೂವರೆ ಗಂಟೆಯಾದರೂ ಹಿಡಿಯಿರಿ. ಹಾಗಾಗಿ ರಾತ್ರಿಯೂ ಸಿಟಿ ಸ್ಕ್ಯಾನ್ ಮತ್ತು ಈ ಇಂಜೆಕ್ಷನ್ ಇರುವ ಆಸ್ಪತ್ರೆ ಯಾವುದೆಂದು ಈಗಲೇ ವಿಚಾರಿಸಿಡಿ.

ಹೊರಡುವ ಮುನ್ನ ಕಾಫಿ, ನೀರು, ಕಷಾಯ ಏನೂ ಬೇಡ. ನುಂಗಲಾಗದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸ್ಪಿರಿನ್ ಕೂಡ ಕೊಡಬೇಡಿ. ಹೆಪ್ಪುಗಟ್ಟಿದೆಯೋ ನಾಳ ಒಡೆದಿದೆಯೋ ಸ್ಕ್ಯಾನ್ ಮಾಡದೆ ತಿಳಿಯದು; ಒಡೆದಿದ್ದರೆ ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸಬಹುದು. ಬಿಪಿ ಏರಿದೆಯೆಂದು ಎರಡು ಮಾತ್ರೆ ಒಟ್ಟಿಗೆ ನುಂಗಿಸುವುದೂ ತಪ್ಪು. ಅವರ ಮಾತ್ರೆಯ ಪಟ್ಟಿ ಮಾತ್ರ ಜೇಬಿನಲ್ಲಿರಲಿ.

ಪ್ರಶ್ನೆ: ನಮ್ಮ ಯಜಮಾನರಿಗೆ ಎಡಭಾಗ ಸೋತು ಎರಡು ತಿಂಗಳು. ಎಬ್ಬಿಸುವಾಗ ಭುಜ ನೋವು ಅಂತಾರೆ, ನೀರು ಕುಡಿದರೆ ಕೆಮ್ಮು. ಬಚ್ಚಲು ಮನೆಯಿಂದ ಹೊರಗಿದೆ, ಮೂರು ಮೆಟ್ಟಿಲು.
– ಓದುಗರು, ಸಾಗರ

ಸೋತ ಕೈಯನ್ನು ಹಿಡಿದು ಎಳೆಯುತ್ತಿದ್ದೀರೇನೋ. ಆ ಭುಜವನ್ನು ಬಿಗಿಹಿಡಿಯುವ ಸ್ನಾಯುಗಳು ಸಡಿಲವಾಗಿವೆ, ಕೀಲು ಜಾರುತ್ತದೆ. ಬೆನ್ನಿನ ಹಿಂದೆ ಕೈ ಹಾಕಿ, ಸೊಂಟ ಹಿಡಿದು ಎಬ್ಬಿಸಿ. ಕೂತಾಗ ಆ ಕೈ ದಿಂಬಿನ ಮೇಲಿರಲಿ, ಜೋತಾಡಬಾರದು.

ಕೆಮ್ಮು ಕಡೆಗಣಿಸಬೇಡಿ, ನುಂಗುವ ಪರೀಕ್ಷೆ ಮಾಡಿಸಿ. ನೀರಿನಂಥ ತೆಳು ಪದಾರ್ಥವೇ ಗಂಟಲಲ್ಲಿ ಬೇಗ ಜಾರಿ ದಾರಿ ತಪ್ಪುವುದು. ಎಷ್ಟು ಮಂದ ಮಾಡಿ ಕೊಡಬೇಕೆಂದು ಪರೀಕ್ಷೆ ಮಾಡಿದವರೇ ಹೇಳುತ್ತಾರೆ. ನೆಟ್ಟಗೆ ಕೂರಿಸಿ, ಚಿಕ್ಕ ಚಮಚದಲ್ಲಿ ಕೊಡಿ, ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ.

ಕೋಲು ಬಲಗೈಯಲ್ಲಿ. ಮೆಟ್ಟಿಲು ಹತ್ತುವಾಗ ಬಲಗಾಲು ಮೊದಲು, ಇಳಿಯುವಾಗ ಎಡಗಾಲು ಮೊದಲು. ನೀವು ಎಡಬದಿಗೆ ಇರಿ. ಅಂಗಳದ ಪಾಚಿ ಉಜ್ಜಿಸಿ, ಬಚ್ಚಲಿಗೆ ಹಿಡಿಕೆಯ ಸರಳು, ಪ್ಲಾಸ್ಟಿಕ್ ಕುರ್ಚಿ ಹಾಕಿ. ಹಂಡೆ ನೀರಿನ ಬಿಸಿಯನ್ನು ಬಲಗೈಯಲ್ಲೇ ನೋಡಲಿ. ಎಡಗೈಗೆ ಸ್ಪರ್ಶ ಮಂದವಾಗಿದ್ದರೆ ಸುಟ್ಟರೂ ತಿಳಿಯದು. ಸುಧಾರಣೆ ಮೊದಲ ಮೂರು ತಿಂಗಳಲ್ಲಿ ಚುರುಕು, ಆಮೇಲೂ ನಿಲ್ಲುವುದಿಲ್ಲ. ವ್ಯಾಯಾಮ ಬಿಡಿಸಬೇಡಿ. ಸುಮ್ಮಸುಮ್ಮನೆ ಅಳುವುದು, ಸಿಡುಕುವುದು ಇದ್ದರೆ ಹಟವೆಂದುಕೊಳ್ಳದೆ ವೈದ್ಯರಿಗೆ ಹೇಳಿ, ಅದಕ್ಕೂ ಔಷಧಿ ಇದೆ.

ಪ್ರಶ್ನೆ: ಲಕ್ವ ಬಂದವರು ಕವಳ, ಮಿಡಿ ಉಪ್ಪಿನಕಾಯಿ ಬಿಡಲೇಬೇಕಾ?
– ಓದುಗರು, ಹೊಸನಗರ

ಕವಳದ ಎಲೆ-ಅಡಿಕೆಗೆ ಸೇರಿಸುವ ಹೊಗೆಸೊಪ್ಪು ಪೂರ್ತಿ ಬಿಡಬೇಕು, ಅದರಲ್ಲಿ ರಿಯಾಯಿತಿಯಿಲ್ಲ. ಉಪ್ಪು ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ. ಮಿಡಿಯ ರಸ ಅನ್ನಕ್ಕೆ ಕಲಸಿದರೆ ಆ ಲೆಕ್ಕ ಮಧ್ಯಾಹ್ನದ ಊಟಕ್ಕೇ ಮುಗಿದೀತು.