ಗದಗ ಜಿಲ್ಲೆಯ ಹಳ್ಳಿ ಶಾಲೆ: ಒಂದು ಕಪಾಟು, ಒಂದೇ ಮೊಬೈಲ್. 4–5ನೇ ತರಗತಿ ಮಕ್ಕಳಿಗೆ ಪುಸ್ತಕ, ಮಾಹಿತಿ ಹುಡುಕುವುದನ್ನು ಹೇಗೆ ಕಲಿಸಲಿ?

300 ಪುಸ್ತಕ, 28 ಮಕ್ಕಳು, ನಿಮ್ಮದೇ ಮೊಬೈಲ್ ಎಂದು ಬರೆದಿದ್ದೀರಿ. ಧಾರಾಳ ಸಾಕು ಮೇಡಂ. ಆದರೆ ಮೊದಲ ತಿಂಗಳು ಮೊಬೈಲ್ ಮುಟ್ಟಬೇಡಿ. ಕಪಾಟಿನಲ್ಲಿ ಹುಡುಕಲು ಬಾರದ ಮಗು ಗೂಗಲ್‌ನಲ್ಲೂ ಮೇಲೆ ಬಂದದ್ದನ್ನೇ ಬರೆದುಕೊಳ್ಳುತ್ತದೆ.

ಇಷ್ಟು ಪುಸ್ತಕಕ್ಕೆ ಡ್ಯೂಯಿ ದಶಮಾಂಶ ಸಂಖ್ಯೆ (ಗ್ರಂಥಾಲಯಗಳಲ್ಲಿ ವಿಷಯವಾರು ಅಂಕಿ ಕೊಡುವ ಪದ್ಧತಿ) ಬೇಡ. ಕಥೆಗೆ ಕೆಂಪು, ಪದ್ಯಕ್ಕೆ ಹಳದಿ, ವಿಜ್ಞಾನಕ್ಕೆ ಹಸಿರು, ನಾಡು-ಚರಿತ್ರೆಗೆ ನೀಲಿ. ಬಣ್ಣದ ಚೀಟಿಯ ಮೇಲೆ ಪುಸ್ತಕದ ಹೆಸರಿನ ಮೊದಲ ಅಕ್ಷರ ಬರೆದು, ಬೆನ್ನಿನ ಮೇಲೆ ಬುಡದಿಂದ ಎರಡು ಬೆರಳು ಬಿಟ್ಟು ಅಂಟಿಸಿ, ಅಗಲ ಸೆಲ್ಲೋಟೇಪ್ ಹಾಕಿ. ಬರೀ ಗೋಂದು ಬೇಸಿಗೆಯಲ್ಲಿ ಒಣಗಿ ಚೀಟಿ ಉದುರುತ್ತದೆ. ಪಿನ್ ಹೊಡೆದ ತೆಳು ಪುಸ್ತಕಗಳಿಗೆ ಬೆನ್ನೇ ಇರುವುದಿಲ್ಲ. ಅವನ್ನು ಖಾಲಿ ಶೂ ಡಬ್ಬಿಯಲ್ಲಿ ಮುಖ ಕಾಣುವಂತೆ ನಿಲ್ಲಿಸಿ. ಪುಸ್ತಕ ತೆಗೆದವರು ಆ ಸಂದಿಯಲ್ಲಿ ತಮ್ಮ ಹೆಸರಿನ ರಟ್ಟಿನ ಪಟ್ಟಿ ಸಿಕ್ಕಿಸಬೇಕು. ಅದು ಪುಸ್ತಕಕ್ಕಿಂತ ನಾಲ್ಕು ಬೆರಳು ಉದ್ದ ಇರಲಿ, ಇಲ್ಲವಾದರೆ ಒಳಗೆ ಹುದುಗಿಹೋಗುತ್ತದೆ.

ಮಕ್ಕಳು ನಿಜಕ್ಕೂ ಎಡವುವುದು ಅಕ್ಷರಾನುಕ್ರಮದಲ್ಲಿ. ಗೋಡೆಯ ಚಾರ್ಟ್‌ನಲ್ಲಿ ಕ್ಷ, ಜ್ಞ ಕೊನೆಗಿರುತ್ತವೆ, ಹಾಗಾಗಿ 'ಕ್ಷೀರ'ವನ್ನು ಳ ಆದ ಮೇಲೆ ಹುಡುಕುತ್ತಾರೆ. ನಿಘಂಟಿನಲ್ಲಿ ಅದು ಇರುವುದು ಕಕಾರದೊಳಗೆ, ಕಾಗುಣಿತ ಮುಗಿದ ಮೇಲಿನ ಒತ್ತಕ್ಷರಗಳ ಸಾಲಿನಲ್ಲಿ. ಕಮಲ, ಕಾಗೆ, ಕಿವಿ, ಕುದುರೆ, ಕೋಳಿ, ಕ್ಷೀರ: ಆರು ಚೀಟಿ ಕಲಸಿ ಕೊಟ್ಟು ಜೋಡಿಸಲು ಹೇಳಿ. ಅದು ಪಳಗಿದ ಮೇಲೆ ಕತ್ತೆ, ಕಮಲ, ಕರಡಿ. ಇಲ್ಲಿ ಎರಡನೇ ಅಕ್ಷರ ನೋಡಬೇಕು. ದಿನಕ್ಕೆ ಹತ್ತು ನಿಮಿಷದಂತೆ ಒಂದು ವಾರ ಹಿಡಿಯುತ್ತದೆ, ಅವಸರ ಮಾಡಬೇಡಿ.

ಎರಡನೇ ತಿಂಗಳಿಗೆ ಮೊಬೈಲ್. ನಾಲ್ವರ ಗುಂಪು: ಒಬ್ಬರು ಟೈಪ್, ಒಬ್ಬರು ಓದು, ಒಬ್ಬರು ಬರಹ, ಒಬ್ಬರು ಗಡಿಯಾರ. ದಿನಕ್ಕೆ ಎರಡು ಗುಂಪಾದರೆ ಸಾಕು. ಉತ್ತರ ಬದಲಾಗಿರುವಂಥ ಪ್ರಶ್ನೆ ಕೊಡಿ. ಜಗತ್ತಿನ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಯಾವುದು? ಹಳೆಯ ಪುಟಗಳು ಗೋರಖಪುರ, 1,366 ಮೀಟರ್ ಎನ್ನುತ್ತವೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ನಮ್ಮ ಹುಬ್ಬಳ್ಳಿಯದು 1,507 ಮೀಟರ್. ಕೆಲವು ಪುಟಗಳಲ್ಲಿ 1,505 ಎಂದೂ ಸಿಗುತ್ತದೆ, ಅದೂ ಒಳ್ಳೆಯದೇ, ಜಗಳ ಹತ್ತಲಿ. "ಗೂಗಲ್‌ನ್ಯಾಗ ಐತ್ರೀ ಟೀಚರ್" ಎಂದರೆ ಒಪ್ಪಬೇಡಿ. ಯಾರ ಪುಟ, ಯಾವ ತಾರೀಖು, ಎರಡನೇ ಕಡೆ ಏನಿದೆ, ಮೂರೂ ನೋಟ್‌ಬುಕ್ಕಿನಲ್ಲಿ ಬರಬೇಕು. ಮೇಲ್ಗಡೆ ಬರುವ ಎಐ ಸಾರಾಂಶ ಲೆಕ್ಕಕ್ಕಿಲ್ಲ. ಅದರ ಪಕ್ಕದ ಕೊಂಡಿ ಒತ್ತಿ ಮೂಲ ಪುಟ ತೆರೆಯಲಿ.

ಇದೇ ಪರೀಕ್ಷೆಯನ್ನು ಕಪಾಟಿನ ಪುಸ್ತಕಗಳಿಗೂ ಹಚ್ಚಿ. ಗದಗ, ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಪುಸ್ತಕದಲ್ಲಿ ಎರಡೂ ಧಾರವಾಡ ಜಿಲ್ಲೆಯೊಳಗೇ ಇರುತ್ತವೆ. "ಪುಸ್ತಕ ತಪ್ಪೈತಿ" ಎಂದು ಯಾರಾದರೂ ಕೂಗಿದಾಗ ಮುದ್ರಣದ ವರ್ಷವಿರುವ ಪುಟ ತೆಗೆಸಿ ತೋರಿಸಿ.

ಮೊಬೈಲ್ ಕೈಗೆ ಕೊಡುವ ಮುಂಚೆ ಫೋನ್‌ಪೇ, ವಾಟ್ಸಾಪ್‌ಗೆ ಲಾಕ್ ಹಾಕಿ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ವಿಭಾಗದಲ್ಲಿ ಆ್ಯಪ್ ಪಿನ್ನಿಂಗ್ (ಪರದೆಯಲ್ಲಿ ಒಂದೇ ಆ್ಯಪ್ ನಿಲ್ಲುವಂತೆ ಮಾಡುವ ಸೌಲಭ್ಯ) ಇದ್ದರೆ ಆನ್ ಮಾಡಿ, ಬ್ರೌಸರನ್ನು ಪಿನ್ ಮಾಡಿ ಕೊಡಿ. ಬಿಡಿಸುವಾಗ ಪಿನ್ ಸಂಖ್ಯೆ ಕೇಳುವ ಆಯ್ಕೆಯನ್ನೂ ಒತ್ತಿರಿ, ಇಲ್ಲದಿದ್ದರೆ ಎರಡೇ ದಿನಕ್ಕೆ ಬಿಡಿಸುವುದನ್ನು ಕಲಿತುಬಿಡುತ್ತಾರೆ.