ಹಸಿವಿಲ್ಲ ಎಂದರೆ ಹೊಟ್ಟೆ ತುಂಬಿದೆ ಎಂದಲ್ಲ

ಕೀಟೋ, ಅಂದರೆ ಅನ್ನ, ಸಕ್ಕರೆಯಲ್ಲಿರುವ ಕಾರ್ಬ್ (ಕಾರ್ಬೋಹೈಡ್ರೇಟ್) ತೀರಾ ತಗ್ಗಿಸಿ ಕೊಬ್ಬನ್ನು ಹೆಚ್ಚಿಸುವ ಪಥ್ಯ, ಶುರು ಮಾಡಿ ಎರಡು ಮೂರು ವಾರಕ್ಕೆ "ಹಸಿವೂ ಇಲ್ಲ, ತ್ರಾಣವೂ ಇಲ್ಲ" ಎಂದು ನನ್ನ ಬಳಿ ಬರುವವರು ಹೆಚ್ಚಾಗಿದ್ದಾರೆ. ಅವರಲ್ಲಿ ಒಬ್ಬರ ಪ್ರಕರಣವನ್ನು, ಗುರುತು ಸಿಗದಂತೆ ವಿವರ ಬದಲಿಸಿ, ಇಲ್ಲಿ ಕೊಡುತ್ತಿದ್ದೇನೆ.

ಮಂಗಳೂರಿನವರು, ನಲವತ್ತರ ಆಸುಪಾಸಿನ ಮಹಿಳೆ, ಕಚೇರಿ ಕೆಲಸ. ತೂಕ 72 ಕಿಲೋ. ಶುಗರ್, ಬಿಪಿ, ಕಿಡ್ನಿ ತೊಂದರೆ ಯಾವುದೂ ಇಲ್ಲ, ಮಾತ್ರೆಯೂ ಇಲ್ಲ. ಅನ್ನ, ದೋಸೆ, ಸಕ್ಕರೆ ಪೂರ್ತಿ ಬಿಟ್ಟಿದ್ದರು. ಮೆಟ್ಟಿಲು ಹತ್ತಿದರೆ ತಲೆ ತಿರುಗುತ್ತಿತ್ತು, ರಾತ್ರಿ ಮೀನಖಂಡ ಹಿಡಿಯುತ್ತಿತ್ತು. ಕುಳಿತಾಗ ಬಿಪಿಯ ಮೇಲಿನ ಅಂಕಿ 118, ಎದ್ದು ನಿಂತ ಮೇಲೆ 96. ಎದ್ದಾಗ 20ರಷ್ಟೋ ಅದಕ್ಕಿಂತ ಹೆಚ್ಚೋ ಇಳಿದರೆ ಮೊದಲು ಅನುಮಾನಿಸಬೇಕಾದದ್ದು ಮೈಯಲ್ಲಿ ನೀರು, ಉಪ್ಪು ಕಡಿಮೆಯಾಗಿರುವುದನ್ನು.

ಎರಡನೇ ಭೇಟಿಯಲ್ಲಿ ಅವರು ಹೇಳಿದ ಒಂದು ಮಾತಿನಿಂದ ವಿಷಯ ಬಿಚ್ಚಿಕೊಂಡಿತು. "ಹಸಿವು ಆಗುವುದೇ ಇಲ್ಲ ಮೇಡಂ. ದೇಹಕ್ಕೆ ಬೇಕಿದ್ದರೆ ಅದೇ ಕೇಳುವುದಿಲ್ವಾ?"

ನಿನ್ನೆ ತಿಂದದ್ದನ್ನೆಲ್ಲ ಬರೆಯಿರಿ ಎಂದು ಕಾಗದ ಕೊಟ್ಟೆ. ಬೆಳಿಗ್ಗೆ ಒಂದು ಚಮಚ ತುಪ್ಪ ಹಾಕಿದ ಕಾಫಿ. ಮಧ್ಯಾಹ್ನ ಎರಡು ಮೊಟ್ಟೆ. ಸಂಜೆ ಒಂದು ಹಿಡಿ ಬಾದಾಮಿ. ರಾತ್ರಿ ಒಂದು ಬಂಗುಡೆ, ಸ್ವಲ್ಪ ಗಸಿ. ಕೂಡಿಸಿದರೆ 700 ಕ್ಯಾಲೊರಿ ಸುತ್ತಮುತ್ತ, ಪ್ರೋಟೀನ್ 30 ಗ್ರಾಂ ಚಿಲ್ಲರೆ. ಕೂಡಿಸಿದ್ದು ಅವರೇ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಮೊದಲು ರಾತ್ರಿ ಗಂಜಿಗೆ ಉಪ್ಪು ಹಾಕಿ, ಮಿಡಿ ಉಪ್ಪಿನಕಾಯಿ ನೆಂಚಿಕೊಂಡು ಉಣ್ತಿದ್ದೆ. ಗಂಜಿಯೇ ಬಿಟ್ಟ ಮೇಲೆ ಉಪ್ಪಿನಕಾಯಿ ಯಾಕೆ ಅಂತ ಅದನ್ನೂ ಬಿಟ್ಟೆ."

ತೊಂದರೆಯ ಅರ್ಧ ಭಾಗ ಆ ಮಾತಿನಲ್ಲೇ ಇತ್ತು. ನಮ್ಮ ಕಡೆ ಗಂಜಿ ಬಿಟ್ಟವರು ಅಕ್ಕಿಯೊಂದನ್ನೇ ಬಿಡುವುದಿಲ್ಲ. ಅದರ ಜೊತೆ ತಿಳಿಯ ನೀರೂ ಉಪ್ಪೂ ಹೋಗುತ್ತವೆ. ಅದೂ ದೇಹಕ್ಕೆ ಅವು ಹೆಚ್ಚು ಬೇಕಾದ ಹೊತ್ತಿನಲ್ಲೇ. ದಿನದ ಕಾರ್ಬ್ 20ರಿಂದ 50 ಗ್ರಾಂಗೆ ಇಳಿದಾಗ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜನ್, ಕರಗುತ್ತದೆ, ಒಂದೊಂದು ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಹೊರಬೀಳುತ್ತದೆ. ಇನ್ಸುಲಿನ್ ಇಳಿಯುವುದರಿಂದ ಕಿಡ್ನಿ ಸೋಡಿಯಂ ಹಿಡಿದಿಟ್ಟುಕೊಳ್ಳುವುದಿಲ್ಲ. ಮೇಲಿಂದ ಕರಾವಳಿಯ ಬೆವರು.

ಇನ್ನು ಹಸಿವು. ತೂಕ ಇಳಿಯುವಾಗ ಸಾಮಾನ್ಯವಾಗಿ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಹೆಚ್ಚಿ ಹಸಿವು ಕೆರಳುತ್ತದೆ. ಕೀಟೋಸಿಸ್‌ನಲ್ಲಿ (ಕಾರ್ಬ್ ಸಿಗದೆ ದೇಹ ಕೊಬ್ಬನ್ನು ಉರಿಸುವ ಸ್ಥಿತಿಯಲ್ಲಿ) ಆ ಏರಿಕೆ ತಗ್ಗುತ್ತದೆ. ಕೀಟೋ ಹಿಡಿಸುವುದು ಅದರಿಂದಲೇ, ಕೆಲವರು ಎಡವುವುದೂ ಅಲ್ಲೇ. ಹಸಿವಿನ ಕರೆ ಮೆತ್ತಗಾದಾಗ ಊಟ ಬಿಡುವುದು ಸಾಧನೆಯಂತೆ ಕಾಣುತ್ತದೆ. ಅತ್ತ ಪ್ರೋಟೀನ್ ಸಾಲದೆ ಸ್ನಾಯು ಸವೆಯುತ್ತಿರುತ್ತದೆ. ಹಾಗಾಗಿ ಹಸಿವನ್ನು ನಂಬಬೇಡಿ, ಗಡಿಯಾರ ನೋಡಿ ಉಣ್ಣಿ ಎಂದೆ.

ಎಂಟೂವರೆಗೆ ತೆಂಗಿನೆಣ್ಣೆಯಲ್ಲಿ ಮೂರು ಮೊಟ್ಟೆಯ ಆಮ್ಲೆಟ್. ಒಂದೂವರೆಗೆ ಎರಡು ಬಂಗುಡೆ, ಕಾಯಿತುರಿ ಹಾಕಿದ ಹರಿವೆ ಪಲ್ಯ. ಏಳೂವರೆಗೆ ರೊಟ್ಟಿಯಿಲ್ಲದೆ ಕೋಳಿ ಸುಕ್ಕ, ಬೆಂದ ಮಾಂಸ 120 ಗ್ರಾಂ ಇರುವಷ್ಟು. ಪ್ರೋಟೀನ್ 75-80 ಗ್ರಾಂ ಆಯಿತು. ಅಡುಗೆಯ ಉಪ್ಪಲ್ಲದೆ ಇನ್ನರ್ಧ ಟೀ ಚಮಚ, ಅಂದರೆ 3 ಗ್ರಾಂ ಉಪ್ಪನ್ನು ಎರಡು ಲೋಟ ನೀರುಮಜ್ಜಿಗೆಗೆ ಹಂಚಿ, ಹನ್ನೊಂದಕ್ಕೊಂದು, ನಾಲ್ಕಕ್ಕೊಂದು ಲೋಟ, ಎರಡು ವಾರ. ಉಪ್ಪಿಲ್ಲದೆ ಬರೀ ನೀರು ಲೀಟರುಗಟ್ಟಲೆ ಕುಡಿದರೆ ಸೋಡಿಯಂ ಮತ್ತಷ್ಟು ತೆಳುವಾಗುತ್ತದೆ.

ಈ ಉಪ್ಪಿನ ಸಲಹೆ ಬಿಪಿ, ಹೃದಯ, ಕಿಡ್ನಿ ತೊಂದರೆಯವರಿಗೆ ಅಲ್ಲವೇ ಅಲ್ಲ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರು ವೈದ್ಯರು ಡೋಸ್ ಬದಲಿಸದೆ ಕೀಟೋ ಶುರು ಮಾಡಲೇಬಾರದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆ ನುಂಗುವವರಿಗಂತೂ ಶುಗರ್ ಹೆಚ್ಚು ಏರದೆಯೂ ರಕ್ತ ಆಮ್ಲೀಯವಾಗಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಸೀದಾ ಆಸ್ಪತ್ರೆಗೆ.

ಇದಕ್ಕೆ ತದ್ವಿರುದ್ಧವಾಗಿ ಕೀಟೋದಲ್ಲೂ ಸಂಜೆ ನಾಲ್ಕಕ್ಕೆ ವಿಪರೀತ ಹಸಿವು ಎನ್ನುವವರಿದ್ದಾರೆ. ಅವರ ತಟ್ಟೆಯಲ್ಲಿ ರವಾ ಫ್ರೈ, ಬೆಲ್ಲ ಹಾಕಿದ ಸಾಂಬಾರು, ಹಿಡಿಗಟ್ಟಲೆ ಗೇರುಬೀಜ, ದಿನಕ್ಕೊಂದು ಬೊಂಡ (ಎಳನೀರು) ಇರುತ್ತವೆ. ಲೋಟ ಬೊಂಡದ ನೀರಿನಲ್ಲೇ 9-10 ಗ್ರಾಂ ಕಾರ್ಬ್ ಉಂಟು. ಹೀಗೆ ಕಾರ್ಬ್ ಸೇರುತ್ತಿದ್ದರೆ ಕೀಟೋಸಿಸ್ ಉಳಿಯುವುದಿಲ್ಲ, ಹಸಿವೂ ತಗ್ಗುವುದಿಲ್ಲ.

"ಕೀಟೋ ಬಿಟ್ಟುಬಿಡಿ ಅಂತ ಹೇಳಬಹುದಿತ್ತಲ್ಲ?" ಎಂದು ಆ ಮಹಿಳೆಯ ಮನೆಯವರು ಕೇಳಿದರು. ಹೇಳಬಹುದಿತ್ತು. ಆದರೆ ಈ ಸುಸ್ತು ಕೀಟೋದ್ದೋ, ಉಪವಾಸದ್ದೋ ಎಂದು ತಿಳಿಯದೆ ಬಿಡಿಸಿದರೆ ಮುಂದಿನ ಪಥ್ಯದಲ್ಲೂ ಅವರು ಊಟ ಬಿಡುತ್ತಾರೆ. ಅದನ್ನು ತಪ್ಪಿಸುವುದೇ ನನಗೆ ಮುಖ್ಯವಾಗಿತ್ತು.

ವಾರದೊಳಗೆ ತಲೆ ತಿರುಗುವುದು, ಮೀನಖಂಡ ಹಿಡಿಯುವುದು ನಿಂತಿತು. ಮೂರನೇ ತಿಂಗಳಲ್ಲಿ ಅವರೇ ರಾತ್ರಿಗೊಂದು ಸಣ್ಣ ಬಟ್ಟಲು ಕುಚ್ಚಲಕ್ಕಿ ಗಂಜಿ ಬೇಕು ಎಂದರು, ಒಪ್ಪಿದೆ. ಅನ್ನ ಮರಳಿದ ವಾರ ತೂಕ ಒಂದೆರಡು ಕಿಲೋ ಏರುವುದುಂಟು. ಅದು ಗ್ಲೈಕೋಜನ್ ಜೊತೆ ಮರಳುವ ನೀರು, ಕೊಬ್ಬಲ್ಲ. ಗಾಬರಿಯಾಗಿ ಮತ್ತೆ ಊಟ ಬಿಟ್ಟಾರೆಂದು, ಹತ್ತು ದಿನ ತೂಕ ನೋಡುವುದೇ ಬೇಡ ಎಂದು ಹೇಳಿ ಕಳಿಸಿದೆ.